ಕೂಸನ್ನು ಎದೆಗೆ ಕಟ್ಟಿಸಿದ ನರ್ಸಬಾಯಿ

ನರ್ಸಬಾಯಿಯ ಕೈ ಯಾವಾಗಲೂ ತಣ್ಣಗಿರುತ್ತಿತ್ತು, ಬೇಸಿಗೆಯಲ್ಲಿ ಕೂಡ. ಕೂಸನ್ನು ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದಳು. ಮೊದಲ ಸಲ ನೋಡಿದಾಗ, ಈಕೆಗೆ ಏನೋ ಜಡ್ಡಿದೆ, ನಮ್ಮ ಕೂಸಿಗೆ ಹಚ್ಚಿ ಹೋಗುತ್ತಾಳೆ ಅಂದುಕೊಂಡೆ.

ಹುಕ್ಕೇರಿಯಿಂದ ಬಸ್ಸಿನಲ್ಲಿ ನಮ್ಮ ಊರಿಗೆ ಬರುವ ಸರ್ಕಾರಿ ನರ್ಸು ಆಕೆ. ಆಗೆಲ್ಲ ನರ್ಸು ಮನೆಗೆ ಬಂದಳೆಂದರೆ ಮಕ್ಕಳಾಗದ ಆಪರೇಷನ್ನಿಗೆ ಕೇಸು ಹುಡುಕಲು ಬಂದಳು ಎಂದೇ ಲೆಕ್ಕ. ಬಾಣಂತಿ ಇದ್ದ ಮನೆಗೆ ಬಂದರೆ ಕೇಳುವುದೇ ಬೇಡ. ಚಹಾ ಕೊಡುತ್ತಿದ್ದೆ, ಆದರೆ ಸೊಸೆಯನ್ನು ಒಳಗೆ ಕಳಿಸಿ ಕೊಡುತ್ತಿದ್ದೆ.

ಸೊಸೆ ಎಂಟನೇ ತಿಂಗಳಿಗೇ ಸಂಕೇಶ್ವರದ ದವಾಖಾನೆಯಲ್ಲಿ ಹಡೆದಳು. ಹೆಣ್ಣು ಕೂಸು, ರೊಟ್ಟಿ ಮುಚ್ಚುವ ಅರಿವೆಯಲ್ಲಿ ಸುತ್ತಬಹುದು, ಅಷ್ಟೇ. ಗಾಜಿನ ಪೆಟ್ಟಿಗೆಯಲ್ಲಿಡಲು ಬೆಳಗಾವಿಗೆ ಒಯ್ಯಿರಿ ಎಂದರು ಡಾಕ್ಟರು. ದಾರಿಯಲ್ಲೇ ಸಾಯುತ್ತದೆ ಎಂದು ನಾನು ಮನೆಗೆ ತರಿಸಿದೆ. ಕುಂಚಿಗೆ ಸುತ್ತಿ, ಬಾಜೂಕೆ ಕೆಂಡದ ಶೇಗಡಿ ಇಟ್ಟೆ. ಆದರೂ ಕೂಸಿನ ಕಾಲು ಕಪ್ಪೆಯ ಹಾಗೆ ತಣ್ಣಗೆ.

ಮರುದಿನ ನರ್ಸಬಾಯಿ ಬಂದಳು. ಮೊದಲು ಆಕೆಯೂ ಬೆಳಗಾವಿಯ ಮಾತನ್ನೇ ಎತ್ತಿದಳು. ಒಲ್ಲೆ ಎಂದೆ.

"ಹಂಗಾರ ಶೇಗಡಿ ತಗೀರಿ, ಹೊಗಿ ಕೂಸಿಗಿ ಆಗೂದಿಲ್ಲ. ತಾಯಿ ಎದಿಮ್ಯಾಲೆ ಬರೇ ಮೈಗೆ ಬರೇ ಮೈ ಹತ್ತಿಸಿ ಕಟ್ಟೂಣು. ದೊಡ್ಡ ದವಾಖಾನ್ಯಾಗ ಡಾಕ್ಟರ್ರು ಮಾಡಿ ನೋಡ್ಯಾರ್ರಿ ಆಯಿ. ಕೆಲವು ಕೂಸಿಗಿ ಪೆಟಗಿ, ಕೆಲವು ಕೂಸಿಗಿ ಎದಿ."

"ಯಾರ ಕೂಸಿನ ಮ್ಯಾಲೆ ನೋಡ್ಯಾರ? ಬಡವರ ಕೂಸಿನ ಮ್ಯಾಲೇ ಹೌದಲ್ಲ?"

"ಬಾಳಷ್ಟು ಬಡವರವ ಅದಾವ್ರಿ. ತಾಯಂದ್ರನ್ನ ಕೇಳೇ ಮಾಡ್ಯಾರ."

"ಎದಿಮ್ಯಾಲಿದ್ದಾವು ಎಲ್ಲಾ ಉಳದಾವೇನು?"

"ಎಲ್ಲಾ ಉಳದಿಲ್ರಿ. ಜಡ್ಡ ಕಮ್ಮಿ ಬಂದಾವು, ಹಾಲ ಛಲೋ ಕುಡದಾವು."

ಎಲ್ಲಾ ಉಳಿದಾವು ಎಂದಿದ್ದರೆ ಆಗಲೇ ಹೊರಗೆ ಹಾಕುತ್ತಿದ್ದೆ.

ಕೂಸನ್ನು ಎದೆಗೆ ಕಟ್ಟಲು ಪಟ್ಟಿ ಹಚ್ಚಿದ ಅರಿವೆಯ ಚೀಲವೊಂದನ್ನು ತೆಗೆದಳು. ಮೇಲಿನವರು ಕೊಟ್ಟು ಕಳಿಸಿದ್ದಂತೆ.

"ಭಿಕ್ಷಾದವರ ಜೋಳಗಿ ಐತಿ ಇದು. ನಮ್ಮ ಮನ್ಯಾಗ ಕೂಸನ್ನ ಜೋಳಗ್ಯಾಗ ಹಾಕೂದಿಲ್ಲ."

ಆಕೆ ಚೀಲ ಮಡಚಿ ಒಳಗಿಟ್ಟಳು. ಸೊಸೆಗೆ ಏಳಲಿಕ್ಕೂ ತ್ರಾಣವಿರಲಿಲ್ಲ. ನರ್ಸಬಾಯಿಯ ಕಣ್ಣು ನನ್ನ ಖಣದ ಕುಬಸದ ಮೇಲೆ ನಿಂತಿತು. ನಾವು ಹಳಬರು ಕುಬಸವನ್ನು ಮುಂದೆ ಗಂಟು ಹಾಕಿ ಕಟ್ಟುವವರು.

"ಆಯಿ, ಗಂಟ ಬಿಚ್ಚ್ರಿ."

"ಏನ ಹುಚ್ಚಿ ಅದಿಯೇ! ಈ ವಯಸ್ಸಿನ್ಯಾಗ ನಾ ಹಾಲ ಕುಡಸ್ಲೇನು?"

"ಹಾಲ ಸೊಸಿ ಕುಡಸ್ಲಿ. ಕಾವು ನೀವ ಕೊಡ್ರಿ."

ಕೂಸನ್ನು ಎದೆಗೆ ಒರಗಿಸಿ, ಕುಬಸ ಮುಚ್ಚಿ, ಕೆಳಗೆ ತಾನೇ ಗಂಟು ಬಿಗಿದಳು. ಸಂಜೆಯ ಹೊತ್ತಿಗೆ ಆ ಕಪ್ಪೆ ಕಾಲು ಬೆಚ್ಚಗಾಗಿ ನನ್ನ ಹೊಟ್ಟೆಗೆ ಒದೆಯಿತು. ಸೊಸೆ ಎದ್ದ ಮೇಲೆ ಅವಳ ಹುಕ್ಕಿನ ಜಂಪರು ಬಿಡಿಸಿ ನನ್ನ ಕುಬಸವನ್ನೇ ತೊಡಿಸಿದೆ. ಆಮೇಲೆ ನರ್ಸಬಾಯಿ ಯಾರ ಮನೆಯಲ್ಲೂ ಆ ಚೀಲ ತೆಗೆಯಲಿಲ್ಲ. "ಮನ್ಯಾಗ ಆಯಿ ಕುಬಸ ಐತೇನ್ರಿ?" ಎಂದೇ ಕೇಳುತ್ತಿದ್ದಳು.

ಇನ್ನು ಆಪರೇಷನ್ ಮಾತು ಎತ್ತುತ್ತಾಳೆ ಎಂದು ಕಾದೆ. ಎತ್ತಲಿಲ್ಲ. ನನ್ನ ಸಂಶಯ ಹೆಚ್ಚಾಯಿತು. ಕೆಲಸವಿಲ್ಲದೆ ಯಾರಾದರೂ ದಿನಾ ಮನೆಗೆ ಬರುತ್ತಾರೆಯೇ?

ಎರಡನೇ ಕೂಸಿನ ನಂತರ ಸೊಸೆ ತಾನೇ ಆಪರೇಷನ್ ಬೇಕೆಂದಳು. "ತಗೋ, ಸಿಕ್ಕಿತ ನಿನ್ನ ಕೇಸು," ಎಂದೆ.

"ಈ ಕೇಸ ನನ್ನ ಹೆಸರಿಗಿ ಬರಸೂದ ಬ್ಯಾಡ್ರಿ ಆಯಿ. ಬಾಜೂ ಊರ ನರ್ಸಿನ ಕೂಡ ಕಳಸ್ರಿ."

"ಯಾಕ? ಕೇಸ ಕಮ್ಮಿ ಆದ್ರ ಮ್ಯಾಲಿನವ್ರು ಬೈಯಂಗಿಲ್ಲೇನು ನಿನಗ?"

"ಬೈತಾರ್ರಿ. ಆದ್ರ ನಾ ಇದರ ಸಲುವಾಗೇ ಬಂದಿದ್ದೆ ಅಂತ ನೀವ ಓಣಿ ತುಂಬ ಹೇಳ್ತೀರಿ. ನಾಳಿ ಇನ್ನೊಬ್ಬಾಕಿ ಕೂಸನ್ನ ಎದಿಗಿ ಕಟ್ಟಾಂಗಿಲ್ಲ."

ಖರೆ. ಹೇಳುವವಳೇ ಇದ್ದೆ.

ಮುಂದೆ ಆಕೆಗೆ ಮೂಡಲಗಿಗೆ ಬದಲಿಯಾಯಿತು. ಕೆಲವು ವರ್ಷಕ್ಕೆ ತೀರಿಕೊಂಡಳೆಂದು ಸುದ್ದಿ ಬಂತು. ಮೊಮ್ಮಗಳನ್ನು ಕರೆದುಕೊಂಡು ಗೋಕಾಕದಲ್ಲಿದ್ದ ಆಕೆಯ ಮನೆಯವರಲ್ಲಿಗೆ ಹೋದೆ. ಗುರುತಿನವರು ಯಾರೂ ಇರಲಿಲ್ಲ. ಆಕೆಯ ಅಕ್ಕ ಇರಬೇಕು, "ನೀವ ಯಾರ ಪೈಕಿ ಆಯಿ?" ಎಂದು ಕೇಳಿದಳು.

"ಆಕಿನ್ನ ನಂಬಲಾರದಾಕಿ ನಾ," ಎಂದೆ. ಹಿಂದೆ ನಿಂತಿದ್ದ ಹುಡುಗಿಯನ್ನು ಮುಂದಕ್ಕೆ ದೂಡಿದೆ. "ಇಕಿ ನನ್ನ ಮೊಮ್ಮಗಳು. ಆದ್ರೂ ಇಕಿನ್ನ ಉಳಿಸಿಕೊಟ್ಟ ಹೋದ್ಲು."