ತಮ್ಮಯ್ಯಾಚಾರಿ ಜೂಬಾದಿಂದ ತಂದ ಮಾತು

ನಮ್ಮ ಸೋದರಮಾವ ತಮ್ಮಯ್ಯಾಚಾರಿಗೆ ಹೊಸ ಮುಖ ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಹೆಸರೇನು, ಯಾವೂರು, ಯಾವ ಜನ ಅಂತ ಕೇಳಲೇಬೇಕು. ನಾಗಮಂಗಲದಲ್ಲಿ ಇದನ್ನು ಕೇಳದೆ ಒಂದು ಲೋಟ ನೀರು ಕೊಡುವವರೂ ಕಡಿಮೆ ಅನ್ನಿ. ಕೆಲವರು ಅಳೆಯುವುದಕ್ಕೆ ಕೇಳುತ್ತಾರೆ, ಮಾವ ಕೇಳುವುದು ಪ್ರೀತಿಗೆ. ಕೇಳದಿದ್ದರೆ ಬಂದವರಿಗೆ ಅವಮಾನ ಅಂದುಕೊಂಡಿದ್ದಾನೆ. ಅವನ ಅಪ್ಪ ಕುಲುಮೆಯಲ್ಲಿ ಕುಡುಗೋಲು ಬಡಿದವನು. ಮಗ ಮಿಲಿಟರಿ ಸೇರಿ ಜೀಪು ರಿಪೇರಿ ಕಲಿತ, ರಿಟೈರಾದ ಮೇಲೆ ಊರಂಚಿನಲ್ಲಿ ಟ್ರಾಕ್ಟರು, ಟಿಲ್ಲರು ರಿಪೇರಿಯ ಶೆಡ್ಡು ಹಾಕಿದ. ಶೆಡ್ಡಿನ ಹಿಂದೆ ಮನೆ, ಮಹಡಿಯ ಮೇಲೊಂದು ಬಾಡಿಗೆ ರೂಮು.

ಮಿಲಿಟರಿಯಲ್ಲಿದ್ದಾಗ ವಿಶ್ವಸಂಸ್ಥೆಯ ಶಾಂತಿಪಡೆಗೆ ಮಾವನನ್ನು ಆಫ್ರಿಕಾದ ದಕ್ಷಿಣ ಸುಡಾನಿಗೆ ಕಳಿಸಿದ್ದರು. ಎರಡು ಸಾವಿರದ ಹದಿಮೂರರ ಡಿಸೆಂಬರಿನಲ್ಲಿ ರಾಜಧಾನಿ ಜೂಬಾದಲ್ಲಿ ಯುದ್ಧ ಹೊತ್ತಿಕೊಂಡಾಗ ಅವನು ಅಲ್ಲೇ, ಕ್ಯಾಂಪಿನ ಗೋಡೆಯೊಳಗೆ ಇದ್ದ. ಏನು ನಡೆಯಿತು ಅಂತ ಕೇಳಿದರೆ "ಏನೋ ಅವ್ರವ್ರ ಜಗ್ಳ, ನಮ್ಗೇನ್ ಗೊತ್ತಾಯ್ತದೆ" ಅಂದು ಸ್ಪಾನರ್ ಹುಡುಕಲು ಹೋಗುತ್ತಿದ್ದ. ಅಲ್ಲಿಂದ ಅವನು ತಂದದ್ದು ಒಂದು ಮಾತು ಮಾತ್ರ.

"ಸಂಜೆ ಒತ್ತು ಗೋಡೆ ಆಚೆ, ಮನೆ ಮನೆ ಮುಂದೆ ನಿಂತ್ಕಂಡು ಮೆತ್ತಗೆ ಕೇಳೋರು ಕಣವ್ವ, ಯಿನ್ ಚೋಲ್ ಙಾ ಅಂತ. ನಿನ್ನೆಸ್ರೇನು ಅಂತ ಅದ್ರ ಅರ್ಥ. ನಮ್ಮಂಗೇ ಅವ್ರೂವೆ, ಎಸ್ರು ಕೇಳ್ದೆ ಒಳಿಕ್ ಓಗಲ್ಲ."

ಒಂದನೇ ಕ್ಲಾಸಿನಲ್ಲಿ ತಿದ್ದಿ ಬಿಟ್ಟಿದ್ದ ಙ ಅಕ್ಷರಕ್ಕೆ ಅಂತೂ ಒಂದು ಕೆಲಸ ಸಿಕ್ಕಿತು ಎಂದು ನಾನು ರೇಗಿಸುತ್ತಿದ್ದೆ. ಬೀದಿಯ ಮಕ್ಕಳಿಗೆಲ್ಲ ಮಾವ ಅದನ್ನು ಕಲಿಸಿಬಿಟ್ಟಿದ್ದ. ಸ್ಕೂಲಿಂದ ಬರುವಾಗ ಅವು ಶೆಡ್ಡಿನ ಮುಂದೆ ನಿಂತು "ಯಿನ್ ಚೋಲ್ ಙಾ?" ಅನ್ನಬೇಕು, ಇವನು ಟ್ರಾಕ್ಟರಿನ ಕೆಳಗಿಂದ "ತಮ್ಮಯ್ಯಾಚಾರಿ!" ಅಂತ ಕೂಗಬೇಕು. ಹಾಲು ತರುವ ದ್ಯಾವಮ್ಮಜ್ಜಿ ಸಹ ಬಾಗಿಲಲ್ಲಿ ಹಾಗೇ ಕರೆಯುತ್ತಿದ್ದಳು.

ಹೋದ ಡಿಸೆಂಬರಿನಲ್ಲಿ ಪೀಟರ್ ಬಂದ. ಹೆದ್ದಾರಿ ಕಡೆಯ ಕಾಲೇಜಿನಲ್ಲಿ ಓದುತ್ತಿದ್ದವನು, ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬರುವಷ್ಟು ಎತ್ತರ. ಇದ್ದ ರೂಮು ಬಿಡಿಸಿದ್ದರು. ವಾಸಕ್ಕೆ ಒಂದು ವಿಳಾಸ ತೋರಿಸದಿದ್ದರೆ ವೀಸಾ ಹೋಗುತ್ತದೆ, ದೇಶಕ್ಕೆ ವಾಪಸ್ಸು ಕಳಿಸುತ್ತಾರೆ, ಅಲ್ಲಿ ತನ್ನವರು ಅಂತ ಯಾರೂ ಉಳಿದಿಲ್ಲ ಎಂದು ನನ್ನ ಹತ್ತಿರ ಇಂಗ್ಲಿಷಿನಲ್ಲಿ ಹೇಳಿದ. ಊರೆಲ್ಲ ಅವನ ಬಣ್ಣ ನೋಡಿಯೇ ರೂಮು ಇಲ್ಲ ಅಂದಿತ್ತು. ನಮ್ಮೂರಿನವರ ದೊಡ್ಡತನ ಅಷ್ಟು.

ದಕ್ಷಿಣ ಸುಡಾನ್ ಅಂದದ್ದೇ ತಡ, ಮಾವನ ಮುಖ ಊರಗಲವಾಯಿತು. ಕೈಯ ಗ್ರೀಸು ಒರೆಸಿಕೊಂಡು ಎದುರು ಬಂದು ನಿಂತು, ತಾನು ಅಲ್ಲಿ ಕೇಳಿಸಿಕೊಂಡಿದ್ದಷ್ಟೇ ಮೆತ್ತಗೆ ಕೇಳಿದ.

"ಯಿನ್ ಚೋಲ್ ಙಾ?"

ಪೀಟರ್ ಚೀಲ ಎದೆಗೆ ಅವಚಿಕೊಂಡು ಹಿಂದಕ್ಕೆ ಹೆಜ್ಜೆಯಿಡುತ್ತಲೇ ಬೀದಿಗಿಳಿದ. ತಿರುವು ಬರುವ ತನಕ ನಮಗೆ ಬೆನ್ನು ಕೊಡಲಿಲ್ಲ.

"ಏನ್ ತಪ್ಪಂದೆ ನಾನು?" ಅಂತ ಮಾವ ಬೈಕಿಗೆ ನನ್ನನ್ನೂ ಹತ್ತಿಸಿಕೊಂಡು ಹಿಂದೆಯೇ ಹೊರಟ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಟೀ ಕುಡಿದಾದ ಮೇಲೆ ಅವನು ಹೇಳುತ್ತಾ ಹೋದ, ನಾನು ಮಾವನಿಗೆ ಕನ್ನಡ ಮಾಡುತ್ತಾ ಹೋದೆ.

ಮಾವ ಕೇಳಿದ ಮಾತು ದಿಂಕಾ ಜನರ ಭಾಷೆ. ಪೀಟರ್ ನುಯೆರ್ ಜನದವನು. ಇಬ್ಬರೂ ದನ ಸಾಕುವವರು, ಹೆಣ್ಣು ಕೊಟ್ಟು ತಂದುಕೊಂಡವರು. ಬ್ರಿಟಿಷರು ಒಂದೊಂದು ಜನಕ್ಕೆ ಒಬ್ಬೊಬ್ಬ ಮುಖಂಡನನ್ನು ಇಟ್ಟು ಬೇರೆ ಬೇರೆಯಾಗಿಯೇ ಆಳಿದ್ದರು. ಎರಡು ಸಾವಿರದ ಹನ್ನೊಂದರಲ್ಲಿ ಸುಡಾನಿನಿಂದ ಬೇರೆಯಾಗಿ ದೇಶ ಸ್ವತಂತ್ರವಾದಾಗ ಅಧ್ಯಕ್ಷ ದಿಂಕಾ, ಉಪಾಧ್ಯಕ್ಷ ನುಯೆರ್, ಪಕ್ಷ ಒಂದೇ. ಎಣ್ಣೆ ಬಾವಿಯ ದುಡ್ಡೆಲ್ಲ ಕುರ್ಚಿಯಲ್ಲಿ ಕೂತವನ ಕೈಗೆ. ಮುಂದಿನ ಸಲ ಯಾರು ಕೂರಬೇಕು ಎಂದು ಜಗಳ ಬಿತ್ತು, ಅಧ್ಯಕ್ಷ ಉಪಾಧ್ಯಕ್ಷನನ್ನು ಕಿತ್ತುಹಾಕಿದ. ಸೈನ್ಯ ಅನ್ನುವುದು ಹಳೇ ದಂಡುಗಳನ್ನು ಸೇರಿಸಿ ಹೊಲಿದ ಕೌದಿ, ಪ್ರತಿ ತುಂಡಿಗೂ ಅದರದೇ ನಾಯಕ. ತೊಂಬತ್ತೊಂದರಲ್ಲಿ ನುಯೆರ್ ದಂಡು ದಿಂಕಾ ಜನರನ್ನು ಕೊಂದಿದ್ದನ್ನು ಯಾರೂ ಮರೆತಿರಲಿಲ್ಲ. ಅಧ್ಯಕ್ಷನ ಕಾವಲು ಪಡೆಯ ಬ್ಯಾರಕ್ಕಿನಲ್ಲಿ ಹೊತ್ತಿದ ಬೆಂಕಿ ಬೀದಿಗೆ ಬಂತು.

"ಕುರ್ಚಿ ಜಗ್ಳಕ್ಕೆ ಮನೆಲಿರೋರ್ನ ಯಾಕ್ ಕೊಂದ್ರಪ್ಪ?" ಮಾವ ಕೇಳಿದ.

ಕುರ್ಚಿ ಬೇಕಾದವನಿಗೆ ಜನ ಬೇಕು, ಜನ ಒಟ್ಟಾಗಬೇಕಾದರೆ ಹೆದರಿಕೆ ಬೇಕು ಅಂದ ಪೀಟರ್. ಮುಖ ನೋಡಿ ಎಲ್ಲರನ್ನೂ ಗುರುತಿಸಲು ಆಗುತ್ತಿರಲಿಲ್ಲ. ಅದಕ್ಕೇ ಸೈನಿಕರು ಮನೆ ಮನೆ ಬಾಗಿಲಲ್ಲಿ ನಿಂತು ದಿಂಕಾ ಭಾಷೆಯಲ್ಲಿ ಹೆಸರು ಕೇಳುತ್ತಿದ್ದರು. ಅದೇ ಭಾಷೆಯಲ್ಲಿ, ದಿಂಕಾ ಜನರ ಹೆಸರೊಂದನ್ನು ಹೇಳಿದವರು ಉಳಿದರು. ತಡವರಿಸಿದವರು ಉಳಿಯಲಿಲ್ಲ.

ಮಾವ ಟೀ ಲೋಟ ಕೆಳಗಿಟ್ಟ. "ಕೇಳುದ್ ಮ್ಯಾಲೆ ಪಟಾರ್ ಅಂತ ಸದ್ದು ಬರ್ತಿತ್ತು ಕಣವ್ವ. ಎಲ್ಲೋ ದೂರ್ದಲ್ಲಿ ಅನ್ಕಂಡಿದ್ದೆ. ಆ ಮಾತ ತಂದು ನಮ್ಮೈಕ್ಳ ಬಾಯ್ಗೆ ಆಕ್ಬುಟ್ನಲ್ಲ" ಅಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ಆ ಮಾತನ್ನು ಎಷ್ಟು ಸಲ ಹಾಡಿನ ಹಾಗೆ ಅಂದಿದ್ದೆನೋ, ನನ್ನ ನಾಲಿಗೆಯೇ ನನಗೆ ಅಸಹ್ಯವಾಯಿತು.

ಆ ಮಾತು ಕಿವಿಗೆ ಬೀಳದಿದ್ದರೆ ರೂಮಿನಲ್ಲಿ ಇರುತ್ತೇನೆ, ಬಿದ್ದರೆ ಹೊರಟುಹೋಗುತ್ತೇನೆ ಅಂದ ಪೀಟರ್. "ಬೀಳಾಕ್ ಬುಡಲ್ಲ, ಬಾರಪ್ಪ" ಅಂತ ಮಾವ ಅವನ ಚೀಲ ಹೊತ್ತುಕೊಂಡೇ ಬಂದ. ಮಾವನ ಹೆಂಡತಿ ಜಯಲಕ್ಷ್ಮತ್ತೆ ಮುದ್ದೆ, ಉಪ್ಸಾರು ಬಡಿಸಿದಳು. ಯಾವ ಜನ ಅಂತ ಆ ಮನೆಯಲ್ಲಿ ಮೊದಲ ಸಲ ಯಾರೂ ಕೇಳಲಿಲ್ಲ.

ಹುಡುಗ ಮೇಲೆ ಹೋದ. ದೀಪ ಹಚ್ಚುವ ಹೊತ್ತು, ಕರೆಂಟು ಬೇರೆ ಹೋಗಿತ್ತು. ಬೆಳಗಾದರೆ ಮಕ್ಕಳು ಕೂಗಿಬಿಡುತ್ತವೆ, ಈಗಲೇ ಹೇಳಿಬರುತ್ತೇನೆ ಎಂದು ಮಾವ ಎದ್ದ. ಚಳಿಗೆ ಹಳೇ ಮಿಲಿಟರಿ ಕೋಟು ಹಾಕಿಕೊಂಡ, ಕೈಯಲ್ಲಿ ಟಾರ್ಚು. ಮೊದಲ ಮನೆಯ ಬಾಗಿಲು ತಟ್ಟಿದ. ಮೇಲಿನ ಹುಡುಗನಿಗೆ ಕೇಳಿಸಬಾರದೆಂದು ಮೆತ್ತಗೆ ಮಾತಾಡಿದ. ಮುಂದಿನ ಮನೆಗೆ ಹೋದ, ತಟ್ಟಿದ, ಮೆತ್ತಗೆ ಮಾತಾಡಿದ. ಜಗಲಿಯಲ್ಲಿ ಕೂತಿದ್ದ ನಾನು ಯಾಕೋ ತಲೆಯೆತ್ತಿ ನೋಡಿದೆ. ಪೀಟರ್ ಮಹಡಿಯ ಗೋಡೆ ಹಿಡಿದು ಬೀದಿಯನ್ನೇ ನೋಡುತ್ತಿದ್ದ. ಕೋಟು, ಟಾರ್ಚು, ಒಂದಾದ ಮೇಲೊಂದು ಬಾಗಿಲು. ಆಮೇಲೆ ಅಲ್ಲಿ ಅವನಿರಲಿಲ್ಲ. ಚಿಲಕ ಬಿದ್ದ ಸದ್ದು ಕೇಳಿಸಿತು.

ಮಾವ ಗೆದ್ದವನ ಹಾಗೆ ಬಂದ. ಎಲ್ಲರೂ ಒಪ್ಪಿದ್ದರು, ದ್ಯಾವಮ್ಮಜ್ಜಿಯಂತೂ ಕೆನ್ನೆ ಕೆನ್ನೆ ಬಡಿದುಕೊಂಡಿದ್ದಳಂತೆ. ನಾನು ತಡೆಯುವಷ್ಟರಲ್ಲಿ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿಬಿಟ್ಟ. ನಾನು ಹಿಂದೆಯೇ ಓಡಿದೆ.

ಒಳಗಿಂದ ಒಂದು ದನಿ ಬಂತು. ಪೀಟರನದೇ, ಆದರೆ ಚಿಕ್ಕ ಮಗುವಿನಂಥ ದನಿ, ಬಾಯಿಪಾಠ ಒಪ್ಪಿಸುವ ಹಾಗೆ, ಒಂದಿಷ್ಟೂ ತಡವರಿಸದೆ.

"ಘೆನ್ ಚೋಲ್ ಮಯೆನ್."

ನನ್ನ ಹೆಸರು ಮಯೆನ್ ಅಂತ. ಅದು ಯಾರ ಭಾಷೆ, ಯಾವ ಕಡೆಯ ಹೆಸರು ಎಂದು ನಮಗೆ ಯಾರೂ ಹೇಳಬೇಕಾಗಲಿಲ್ಲ. ಮಾವ ಬಾಗಿಲಿಗೆ ಹಣೆಯೊತ್ತಿ ನಿಂತ.

"ನಾನ್ ಕಣಪ್ಪ, ತಮ್ಮಯ್ಯ. ನಾನ್ ಕಣ್ಲಾ ಮಗ."

ಮಾವ ತನ್ನ ಹೆಸರು ಹೇಳಿದಷ್ಟು ಸಲವೂ ಒಳಗಿನಿಂದ ಅದೇ ಉತ್ತರ ಬಂತು.