ವಿಮಾನ ಕೇಳಿದ ಸಿಂಕ್ ರೇಟು

ಗೆಳೆಯರೇ, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ನನ್ನ ಚಟ ನಿಮಗೆ ಗೊತ್ತೇ ಇದೆ. ಇಂದು ಬೆಳಿಗ್ಗೆ ಕಾಕ್‌ಪಿಟ್ ಉಪಕರಣಗಳಿಗೆ ಹೊಸ ಅಪ್‌ಡೇಟ್ ಹಾಕಿದೆ. ಅಪಾಯ ಬಂದರೆ ಈಗ ಅದು ನಿಜವಾದ ವಿಮಾನದಂತೆಯೇ ಬಾಯಿಬಿಟ್ಟು ಎಚ್ಚರಿಸುತ್ತದೆ. ಸ್ಪೀಕರ್ ಜೋರಾಗಿಟ್ಟು ಹುಬ್ಬಳ್ಳಿಯಲ್ಲಿ ಇಳಿಸಲು ಹೊರಟೆ. ತುಸು ಅವಸರ ಮಾಡಿದೆ.

"ಸಿಂಕ್ ರೇಟ್! ಸಿಂಕ್ ರೇಟ್!" ಎಂದು ವಿಮಾನ ಕಿರುಚಿತು. ವಿಪರೀತ ವೇಗದಲ್ಲಿ ಕೆಳಗಿಳಿಯುತ್ತಿದ್ದೀಯ ಎಂದು ಅರ್ಥ.

ಸವಣೂರಿನಲ್ಲಿ ನಮ್ಮದು ಮಹಡಿ ಮನೆ, ಕೆಳಗೆ ಇಸ್ಮಾಯಿಲ್ ಚಾಚಾರ ಹಾರ್ಡ್‌ವೇರ್ ಅಂಗಡಿ. ಅಲ್ಲಿಂದ ಉತ್ತರ ಬಂತು: "ಯಾಕ್ರೀ ಸರ್, ರೇಟ್ ಕೇಳಾಕ ಇಷ್ಟ್ಯಾಕ ಒದರತೀರಿ? ತಡೀರಿ, ಮಾಲ್ ತರ್ತೇನಿ, ನೋಡೀರಂತ!"

ನಾನು ಗಾಬರಿಯಿಂದ ವಿಮಾನದ ಮೂತಿ ಎತ್ತಿ ಮತ್ತೆ ಮೇಲೇರಲು ನೋಡಿದೆ. ಅದು ಏರದೆ ಕುಸಿಯತೊಡಗಿತು. ಚಾಚಾ ಸ್ಟೀಲ್ ಸಿಂಕನ್ನು ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತ ಬಾಗಿಲಿಗೆ ಬರುವುದಕ್ಕೂ, ವಿಮಾನ "ಡೋಂಟ್ ಸಿಂಕ್! ಡೋಂಟ್ ಸಿಂಕ್!" ಎಂದು ಅರಚುವುದಕ್ಕೂ ಸರಿಹೋಯಿತು.

ಚಾಚಾ ಕೆಂಪಾದರು. "ಹೊತ್ತು ತಂದ ಮ್ಯಾಲೆ ಸಿಂಕ್ ಬ್ಯಾಡ ಅಂದ್ರ ಹ್ಯಾಂಗ್ರೀ? ನನಗೇನ್ ಹುಚ್ಚ ಹಿಡದೈತೇನು?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಡುಗೆಮನೆಯಿಂದ ಬಂದಳು. ಹಳೆಯ ಸಿಂಕ್ ಸೋರುತ್ತಿದೆ ಎಂದು ದೀಪಾವಳಿಯಿಂದ ಹೇಳುತ್ತಲೇ ಇದ್ದವಳು. "ಬ್ಯಾಡ ಅಂದಾವ್ರು ಯಾರ್ರಿ ಚಾಚಾ? ಒಳಗ ತರ್ರಿ. ಆ ವಿಮಾನಕ್ಕೇನ್ ತಿಳೀತೈತಿ!"

ಅಪ್‌ಡೇಟ್ ಹಾಕಿದರೆ ಎಲ್ಲ ನಿಜದಂತೆಯೇ ಆಗುತ್ತದೆ ಎಂದಿದ್ದರು. ಸುಳ್ಳಲ್ಲ. ನನ್ನ ವಿಮಾನ ರನ್‌ವೇ ಮುಟ್ಟುವ ಮೊದಲೇ ಬಿತ್ತು. ಸಿಂಕ್ ಮಾತ್ರ ಸುರಕ್ಷಿತವಾಗಿ ಅಡುಗೆಮನೆಯಲ್ಲಿ ಇಳಿದಿದೆ.