ಖಾಲಿ ಕಪಾಟಿನ ಒಡತಿ ಗುಣವತಿಯವರು

ತೆಲಂಗಾಣದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕನ್ನಡಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಮೂಲೆ. ಅಂಥದೊಂದು ಮೂಲೆಯಲ್ಲಿ ಕುಳಿತು, ಹೈದರಾಬಾದಿನ ಕನ್ನಡಿಗರಿಗೆಲ್ಲ ಓದಿನ ಚಟ ಹತ್ತಿಸಿ, ಮೊನ್ನೆಯಷ್ಟೇ ಸೇವಾನಿವೃತ್ತರಾದವರು ಶ್ರೀಮತಿ ಗುಣವತಿಯವರು. ಗ್ರಂಥಪಾಲಕರಿಗೆ ಸನ್ಮಾನ ಮಾಡುವಾಗ ‘ಪುಸ್ತಕಗಳನ್ನು ಕಣ್ಣಿನಂತೆ ಕಾಪಾಡಿದರು’ ಎಂದು ಹೊಗಳುವುದು ವಾಡಿಕೆ. ಈ ತಾಯಿಯ ವಿಷಯದಲ್ಲಿ ಹಾಗೆಂದರೆ ಸಭೆಯೇ ನಕ್ಕುಬಿಟ್ಟೀತು, ಏಕೆಂದರೆ ಅವರು ಪುಸ್ತಕಗಳನ್ನು ಕಾಪಾಡಿದವರಲ್ಲ, ಊರ ತುಂಬ ಚೆಲ್ಲಾಡಿದವರು.

ಕುಷ್ಟಗಿ ಕಡೆಯ ಗುಣವತಿಯವರು ಮದುವೆಯಾಗಿ ಸಿಕಂದರಾಬಾದಿಗೆ ಬಂದು, ಮುಂದೆ ತಾರ್ನಾಕದ ಓಣಿಯೊಂದರ ಪುಟ್ಟ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ಆಗ ಕನ್ನಡದ ಕಪಾಟಿನ ಬೀಗ ತುಕ್ಕು ಹಿಡಿದಿತ್ತು. ಅದನ್ನು ಒಡೆಸಿ, ಧೂಳು ಕೊಡವಿ, ಒಂದೊಂದನ್ನೂ ತಾವೇ ಓದಿ ಮುಗಿಸಿದರು. ಅಂದಿನಿಂದ ಯಾರು ಬಂದರೂ ಅವರು ಕೇಳಿದ್ದನ್ನು ಕೊಡುವುದಕ್ಕಿಂತ ಅವರಿಗೆ ಬೇಕಾದದ್ದನ್ನು ಕೊಡುವುದೇ ಗುಣವತಿಯವರ ಪದ್ಧತಿಯಾಯಿತು. ಹೊಸದಾಗಿ ಸಂಸಾರ ಹೂಡಲು ಬಂದು, ತವರಿನ ನೆನಪಿನಲ್ಲಿ ಕಂಗಾಲಾಗಿದ್ದ ಸಂಯುಕ್ತಾ ಎಂಬ ತರುಣಿ ಒಂದು ದುಃಖದ ಕಾದಂಬರಿ ಕೇಳಿದಾಗ ಅವರು ಕೊಟ್ಟದ್ದು ದಪ್ಪನೆಯ ಪತ್ತೇದಾರಿ ಕಾದಂಬರಿಯನ್ನು.

“ಅಳೂದು ನಿಮಗ ಬರತೈತಿ, ಅದಕ್ಕ ಪುಸ್ತಕ ಯಾಕ ಬೇಕು? ಮೊದಲ ಈ ಕೊಲಿ ಯಾರ ಮಾಡ್ಯಾರ ಹುಡಕ್ರಿ,” ಎಂದಿದ್ದರು.

ಸಂಯುಕ್ತಾ ಅಂದು ಅನ್ನಕ್ಕಿಟ್ಟದ್ದು ಸೀದುಹೋಯಿತಂತೆ, ಕೊಲೆಗಾರ ಮಾತ್ರ ಸಿಕ್ಕಿಬಿದ್ದನಂತೆ. ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾಗಿ, ವೇದಾಂತವಲ್ಲದೆ ಬೇರೇನನ್ನೂ ಮುಟ್ಟೆನೆಂದು ಹಟ ಹಿಡಿದಿದ್ದ ಸೋಮಣ್ಣನವರ ಕೈಗೆ ಮಕ್ಕಳ ಕಥೆಗಳ ಪುಸ್ತಕ ಸೇರಿತು. ಎರಡು ದಿನ ಮುಖ ಊದಿಸಿಕೊಂಡಿದ್ದ ಹಿರಿಯರು ಮೂರನೆಯ ದಿನ ಅದರ ಎರಡನೆಯ ಭಾಗ ಕೇಳಿಕೊಂಡು ಬಂದರು.

ಇದಕ್ಕಿಂತ ದೊಡ್ಡದು ಅವರ ಇನ್ನೊಂದು ಕಟ್ಟಳೆ. ಓದಿದ ಪುಸ್ತಕವನ್ನು ಸುಮ್ಮನೆ ಮೇಜಿನ ಮೇಲಿಟ್ಟು ಹೋಗುವಂತಿಲ್ಲ. ಅಲ್ಲಿರುವ ಮತ್ತೊಬ್ಬ ಓದುಗನಿಗೆ ಅದನ್ನೇಕೆ ಓದಬೇಕೆಂದು ಬಾಯಿಬಿಟ್ಟು ಹೇಳಿ, ಅವನ ಕೈಗೇ ದಾಟಿಸಿ ಹೋಗಬೇಕು. ಬರಬರುತ್ತ ಜನ ಗ್ರಂಥಾಲಯದವರೆಗೂ ಬರುವುದನ್ನು ಬಿಟ್ಟು, ಬಸ್ಸಿನಲ್ಲಿ, ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ, ಕಟ್ಟಡ ಕೆಲಸದ ಜಾಗದಲ್ಲೇ ದಾಟಿಸತೊಡಗಿದರು. ಕಪಾಟು ಖಾಲಿಯಾಗುತ್ತ ಬಂತು. ಬೇರೆ ಯಾರಾದರೂ ಆಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಗುಣವತಿಯವರೋ, ಬೆಳಿಗ್ಗೆ ಬೀಗ ತೆಗೆದು ಆ ಬರಿದಾದ ಹಲಗೆಗಳನ್ನು ನೋಡಿ ಒಳಗೊಳಗೇ ಹಿಗ್ಗುತ್ತಿದ್ದರು. ಯಾವ ಪುಸ್ತಕ ಯಾರ ಬಳಿ ಇದೆಯೆಂದು ಬರೆದಿಡಬೇಕೆಂಬುದು ಮಾತ್ರ ಆ ಹಿಗ್ಗಿನಲ್ಲಿ ಅವರಿಗೆ ಹೊಳೆಯಲೇ ಇಲ್ಲ.

ನಿವೃತ್ತಿಗೆ ಕೆಲವೇ ದಿನಗಳಿರುವಾಗ ಮೇಲಧಿಕಾರಿ ಸಾಯಿಕುಮಾರ್ ಅವರು ತಪಾಸಣೆಗೆ ಬಂದರು. ಕಪಾಟಿನ ಬಾಗಿಲು ತೆಗೆದು ದಂಗಾಗಿ ನಿಂತರು.

“ಪುಸ್ತಕಾಲು ಎಕ್ಕಡ ಮೇಡಂ?” ಪುಸ್ತಕಗಳೆಲ್ಲಿ ಎಂದು ತೆಲುಗಿನಲ್ಲಿ ಕೇಳಿದರು.

“ಓದಾಕತ್ತಾರ್ರಿ ಸರ್,” ಎಂದರು ಗುಣವತಿಯವರು, ಗಾಬರಿಯಲ್ಲಿ ಕನ್ನಡದಲ್ಲೇ.

ಸಾಯಿಕುಮಾರ್ ಕೆಟ್ಟವರಲ್ಲ, ಆದರೆ ನಿಯಮದ ಮನುಷ್ಯ. ಬರುವ ಭಾನುವಾರ ಸಂಜೆಯೊಳಗೆ ಪುಸ್ತಕಗಳು ಕಣ್ಣಿಗೆ ಬೀಳದಿದ್ದರೆ ಎಲ್ಲವೂ ಗುಣವತಿಯವರ ಅಜಾಗರೂಕತೆಯಿಂದ ಕಳೆದುಹೋದವೆಂದು ಬರೆಯಬೇಕಾಗುತ್ತದೆ, ಕಪಾಟನ್ನು ಪರೀಕ್ಷೆಗೆ ಓದುವವರ ಗೈಡುಗಳಿಗೆ ಬಿಟ್ಟುಕೊಡಬೇಕಾಗುತ್ತದೆ ಎಂದು ತಿಳಿಸಿ ಹೋದರು. ತಮ್ಮ ಹೆಸರಿಗೆ ಮಸಿ ಹತ್ತುವುದಿರಲಿ, ತಮ್ಮ ಕೈಯಿಂದಲೇ ಕನ್ನಡದ ಕಪಾಟು ಮುಚ್ಚಿಹೋಗುತ್ತದಲ್ಲ ಎಂಬುದೇ ಗುಣವತಿಯವರ ಚಿಂತೆಯಾಯಿತು.

ಮೊದಲು ಒಯ್ದವರನ್ನು ಕೇಳಿದರೆ ‘ಇಂಥವರಿಗೆ ಕೊಟ್ಟೆ’ ಎಂದರು. ಅವರು ಇನ್ನೊಬ್ಬರತ್ತ ಬೆರಳು ತೋರಿಸಿದರು. ಹೀಗೆ ಜಾಡು ಹಿಡಿದು ಅಮೀರ್‌ಪೇಟದಲ್ಲಿ ಮೆಟ್ರೊ ಬದಲಿಸಿ ಕೂಕಟ್‌ಪಲ್ಲಿಗೆ ಹೋದರೆ, ಅಲ್ಲಿ ಕಟ್ಟಡ ಎದ್ದುನಿಂತಿತ್ತು, ಕಟ್ಟಿದವರು ಗಂಟುಮೂಟೆ ಕಟ್ಟಿಕೊಂಡು ಎತ್ತಲೋ ಹೋಗಿದ್ದರು. ಬಿಸಿಲಲ್ಲಿ ಕಾಂಪೌಂಡಿನ ಮಗ್ಗುಲಲ್ಲಿ ನಿಂತ ಗುಣವತಿಯವರ ಕಣ್ಣಲ್ಲಿ ನೀರು ಬಂತು. ಪಕ್ಕದ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದ ಬಂಡೆಮ್ಮ ದೂರದಿಂದಲೇ ಗುರುತು ಹಿಡಿದು ಓಡಿಬಂದಳು. ಅವಳಿಗೆ ಓದು ಬಾರದು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹುಲಗೇಶ ಎಂಬ ಗಾರೆ ಕೆಲಸದ ಗೌಂಡಿ ಜೋರಾಗಿ ಓದುವುದನ್ನು ಕೇಳುತ್ತಿದ್ದವಳು, ಪುಸ್ತಕ ತರಲು ಅವನೊಡನೆ ಗ್ರಂಥಾಲಯಕ್ಕೂ ಬಂದಿದ್ದವಳು.

“ಅಕ್ಕಾರ, ಯಾಕ ಅಳ್ತೀರಿ? ನೀವು ಮನೀಗೆ ಹೋಗಿ ತಣ್ಣಗ ಒಂದು ಚಾ ಕುಡೀರಿ. ನಮ್ಮ ಮಂದಿ ಎಲ್ಲೆಲ್ಲಿ ಐತಿ ನನಗ ಗೊತ್ತೈತಿ. ಫೋನಿನ್ಯಾಗ ಸುದ್ದಿ ಮುಟ್ಟಸ್ತೀನಿ,” ಎಂದಳು.

ಭಾನುವಾರ ಬೆಳಿಗ್ಗೆ ಗ್ರಂಥಾಲಯದಲ್ಲಿದ್ದವರು ಗುಣವತಿಯವರು ಮತ್ತು ಸಾಯಿಕುಮಾರ್ ಇಬ್ಬರೇ. ಮೊದಲು ಸೋಮಣ್ಣನವರು ಬಂದರು, ಹಿಂದೆಯೇ ಸಂಯುಕ್ತಾ. ಆಮೇಲೆ ನೋಡಿ, ಜಾತ್ರೆ! ಸಿಕಂದರಾಬಾದಿನಿಂದ, ಕ್ವಾರ್ಟರ್ಸುಗಳಿಂದ, ಊರಾಚೆಯ ಕಟ್ಟಡಗಳಿಂದ ಜನ ಬಂದರು. ಸೆರಗಿನಲ್ಲಿ ಸುತ್ತಿದ ಪುಸ್ತಕ, ಸಿಮೆಂಟು ಚೀಲದ ಕಾಗದದ ಹೊದಿಕೆ ಹಾಕಿದ ಪುಸ್ತಕ, ನೆನೆದು ಪೂರಿಯಂತೆ ಉಬ್ಬಿದ ಪುಸ್ತಕ. ಕಳೆದುಕೊಂಡವರು ನಾಚಿಕೊಂಡು ತಮ್ಮ ಮನೆಯದೊಂದನ್ನು ಬದಲಿಗೆ ತಂದಿದ್ದರು. ಬಂದವರಾರೂ ಬರಿದೇ ಇಟ್ಟು ಹೋಗಲೊಲ್ಲರು! ಕಟ್ಟಳೆ ಎಂದರೆ ಕಟ್ಟಳೆ. ಪ್ರತಿಯೊಬ್ಬರೂ ಸಾಯಿಕುಮಾರ್ ಅವರ ಮುಂದೆ ನಿಂತು, ಬಂದಷ್ಟು ತೆಲುಗಿನಲ್ಲಿ, ಬಾರದಷ್ಟು ಹಿಂದಿಯಲ್ಲಿ, ಪುಸ್ತಕ ಏಕೆ ಚೆನ್ನಾಗಿದೆಯೆಂದು ಹೇಳಿಯೇ ಒಪ್ಪಿಸಿದರು.

ಕೊನೆಗೆ ಬಂಡೆಮ್ಮ ಮತ್ತು ಹುಲಗೇಶ ಬಂದರು. ಅವರು ತಂದ ಕಾದಂಬರಿಯ ಮೊದಲ ಪುಟಗಳೇ ಇರಲಿಲ್ಲ. ಹರಿದ ಪುಸ್ತಕವನ್ನು ಲೆಕ್ಕಕ್ಕೆ ಹಿಡಿಯಲಾಗದೆಂದು ಸಾಯಿಕುಮಾರ್ ತಲೆಯಾಡಿಸಿದರು.

“ಹಾಳಿ ಹೋಗ್ಯಾವ್ರಿ ಸಾಹೇಬ್ರ, ಕತಿ ಎಲ್ಲೀ ಹೋಗಿಲ್ಲ,” ಎಂದು ಬಂಡೆಮ್ಮ ಹುಲಗೇಶನನ್ನು ಮುಂದೆ ತಳ್ಳಿದಳು. “ಹೇಳೋ, ಸುರುವಿನಿಂದ ಹೇಳು.”

ಹುಲಗೇಶ ಹಿಂದಿಯಲ್ಲಿ ಹೇಳಿದ. ನದಿ ದಾಟಿಸುವ ಅಂಬಿಗನೊಬ್ಬ, ತನ್ನ ಮಗಳನ್ನು ಕದ್ದೊಯ್ದವನನ್ನೇ ಅರಿಯದೆ ದೋಣಿಗೆ ಹತ್ತಿಸಿಕೊಂಡು ನಡುನೀರಿಗೆ ಬರುತ್ತಾನೆ. ಮರೆತಲ್ಲಿ ಬಂಡೆಮ್ಮ ಎತ್ತಿಕೊಟ್ಟಳು. ಹರಿದ ಜಾಗದವರೆಗೆ ಬಾಯಲ್ಲೇ ಹೇಳಿ, ಅಲ್ಲಿಂದ ಪುಸ್ತಕ ಬಿಡಿಸಿ ಓದುತ್ತ ಹಿಂದಿಗಿಳಿಸತೊಡಗಿದ. ಸಾಯಿಕುಮಾರ್ ಅವರ ಮುಂದಿದ್ದ ಚಹಾ ಕೆನೆಗಟ್ಟಿತು. ಹುಲಗೇಶ ತಟ್ಟನೆ ನಿಲ್ಲಿಸಿದಾಗ ಅವರು “ಫಿರ್ ಕ್ಯಾ ಹುವಾ?” ಮುಂದೇನಾಯಿತು ಎಂದು ಕೇಳಿಯೇಬಿಟ್ಟರು! ಇಡೀ ಕೋಣೆ ಘೊಳ್ಳೆಂದು ನಕ್ಕಿತು. ಆ ಅಧಿಕಾರಿಯೂ ನಕ್ಕು, ಪುಸ್ತಕಗಳೆಲ್ಲ ಇವೆ, ಕನ್ನಡದ ಕಪಾಟು ಇದ್ದಲ್ಲೇ ಇರತಕ್ಕದ್ದು ಎಂದು ಬರೆದು ರುಜು ಹಾಕಿದರು.

ಸಂಜೆಯ ಹೊತ್ತಿಗೆ ಕಪಾಟು ಕಿಕ್ಕಿರಿದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಣವತಿಯವರು ಆ ತುಂಬಿದ ಕಪಾಟನ್ನೇ ನೋಡುತ್ತ ನಿಂತರು. ಅವರ ಮುಖ ಅರಳಲಿಲ್ಲ.

“ನೋಡಾಕ ಆಗವಲ್ದು ನನಗ,” ಎಂದರು. “ರುಜು ಆತಲ್ಲ? ಇನ್ನ ಒಬ್ಬೊಬ್ಬರು ಒಂದೊಂದು ತಗೊಂಡು ನಡೀರಿ. ತಾಸಿನ್ಯಾಗ ಬೀಗ ಹಾಕ್ತೀನಿ.”

ಬೀಗ ಹಾಕುವಾಗ ಹಲಗೆಗಳು ಬರಿದಾಗಿದ್ದವು. ಅಂಬಿಗನ ಕಾದಂಬರಿ ಮಾತ್ರ ಯಾರಿಗೂ ಸಿಕ್ಕಲಿಲ್ಲ. ಅದನ್ನು ಸಾಯಿಕುಮಾರ್ ಬಗಲಲ್ಲಿ ಇಟ್ಟುಕೊಂಡಿದ್ದರು. ಕನ್ನಡದ ಲಿಪಿ ತೆಲುಗಿನ ಒಡಹುಟ್ಟೇ ಅಲ್ಲವೆ, ಅಕ್ಷರ ಕೂಡಿಸಿಕೊಂಡು ಓದುತ್ತೇನೆ ಎಂದರಂತೆ.

ಇಂಥ ಗುಣವತಿಯವರಿಗೆ ಹೈದರಾಬಾದಿನ ಸಮಸ್ತ ಕನ್ನಡ ಓದುಗರ ಹೆಮ್ಮೆಯ ವಂದನೆಗಳು. ಅವರ ಆಯುಷ್ಯ ದೊಡ್ಡದಾಗಲಿ, ಕಣ್ಣಿನ ಬೆಳಕು ಕುಂದದಿರಲಿ. ಇಷ್ಟು ವರ್ಷ ನಮಗೆ ಕೊಟ್ಟವರು ಇನ್ನು ಮುಂದೆ ನಮ್ಮ ಮನೆಗಳಿಗೆ ಬಂದು ಪುಸ್ತಕ ಕೇಳಲಿ. ನಾವು, ಅವರು ಕೇಳಿದ್ದನ್ನಂತೂ ಕೊಡುವುದಿಲ್ಲ.